ಕ್ವೇಸಾರ್ ಉಪನ್ಯಾಸಕ್ಕೆ ಕೀಲಿ ಹಾಕಿದವರು ಯಾರು?

ಮಾನ್ಯರೇ,

ಭಾನುವಾರದ ಕ್ವೇಸಾರ್ (ದೈತ್ಯ ಕಪ್ಪು ಕುಳಿಯ ಸುತ್ತ ಅನಿಲ ಕಾದು ಝಗಝಗಿಸುವ, ದೂರದ ಗ್ಯಾಲಕ್ಸಿಯ ನಡುಭಾಗ) ಉಪನ್ಯಾಸ ‘ತಾಂತ್ರಿಕ ಕಾರಣದಿಂದ’ ಮುಂದಕ್ಕೆ ಹೋಯಿತು ಎಂದು ನಿಮ್ಮಲ್ಲಿ ಸುದ್ದಿ ಬಂದಿದೆ. ಯಾವ ತಾಂತ್ರಿಕ ಕಾರಣ ರೀ? ಸಭಾಂಗಣಕ್ಕೆ ಕೀಲಿ ಹಾಕಿತ್ತು, ಕೀಲಿಕೈ ಇದ್ದವರು ಫೋನ್ ಎತ್ತಲಿಲ್ಲ, ಅಷ್ಟೇ. ಶಹಾಬಾದ್, ಆಳಂದ ಕಡೆಯಿಂದ ಮಕ್ಕಳನ್ನು ಕರೆದುಕೊಂಡು ಬಂದವರಿದ್ದರು. ಸಂಜೆಯಾದರೂ ನಮ್ಮೂರ ಬಿಸಿಲು ಇಳಿಯಲ್ಲ, ಗೊತ್ತಲ್ಲ. ಕುಡಿಯೋಕೆ ನೀರಿಲ್ಲ, ನೆರಳಿಲ್ಲ. ಮಂಡಿ ನೋವಿರುವ ನಮ್ಮ ತಾಯಿ ಮೆಟ್ಟಿಲ ಮೇಲೆ ಕೂತಿದ್ದರು. ಆಟೋದವನಿಗೆ ಕೊಟ್ಟ ದುಡ್ಡೂ ದಂಡ.

ಪಾಪ, ಉಪನ್ಯಾಸಕ್ಕೆ ಬಂದಿದ್ದ ಸರ್ ಸುಮ್ನೆ ವಾಪಸ್ ಹೋಗಲಿಲ್ಲ. ಬಿಸಿಲಿಗೆ ಪರದೆ ಕಾಣಲ್ಲ ಅಂತ ಲ್ಯಾಪ್‌ಟಾಪ್ ಮೇಲೆ ಟವೆಲ್ ಹೊದಿಸಿ, ಮಕ್ಕಳಿಗೆ ಒಬ್ಬೊಬ್ಬರಾಗಿ ಬಗ್ಗಿ ನೋಡಿ ಅಂದರು. ಆಕಾಶದ ಒಂದೇ ತುಣುಕು, ಬೇರೆ ಬೇರೆ ಫಿಲ್ಟರ್‌ನಲ್ಲಿ ತೆಗೆದ ಫೋಟೋ. ನೀಲಿ, ಹಸಿರು, ಕೆಂಪು ಯಾವುದರಲ್ಲೂ ಏನಿಲ್ಲ, ಇನ್‌ಫ್ರಾರೆಡ್‌ನಲ್ಲಿ ಮಾತ್ರ ಒಂದು ಚುಕ್ಕೆ! ಅದೇ ಬಹು ದೂರದ ಕ್ವೇಸಾರ್. ಅದರ ಬೆಳಕು ಬರುವ ದಾರಿಯಲ್ಲಿ ಹೈಡ್ರೋಜನ್ ಒಂದಷ್ಟನ್ನು ನುಂಗಿಬಿಡುತ್ತದೆ, ಉಳಿದಿದ್ದು ವಿಶ್ವ ಹಿಗ್ಗುತ್ತಾ ಹಿಗ್ಗುತ್ತಾ ಇನ್‌ಫ್ರಾರೆಡ್‌ಗೆ ಜಾರುತ್ತದೆ, ಅದಕ್ಕೇ ಹೀಗೆ. ಆದರೆ ನಮ್ಮದೇ ಗ್ಯಾಲಕ್ಸಿಯ ತಣ್ಣನೆಯ ಕಂದು ಕುಬ್ಜಗಳೂ (ನಕ್ಷತ್ರವಾಗಲು ತೂಕ ಸಾಲದ ಕಾಯಗಳು) ಫೋಟೋದಲ್ಲಿ ಹಾಗೇ ಕಾಣುತ್ತವಂತೆ. ದೊಡ್ಡ ದೂರದರ್ಶಕದಲ್ಲಿ ರೋಹಿತ ತೆಗೆದರೇನೇ, ಅಂದರೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡಿದರೇನೇ, ಯಾವುದು ಏನೆಂದು ಖಾತ್ರಿ. 2021ರಲ್ಲಿ ಪ್ರಕಟವಾದ ಜೆ0313-1806 ಎಂಬ ಕ್ವೇಸಾರ್ ಹಾಗೆ ಸಿಕ್ಕಿದ್ದು. ಬಿಗ್ ಬ್ಯಾಂಗ್ ಆದ ಸುಮಾರು 67 ಕೋಟಿ ವರ್ಷಕ್ಕೇ ಅದರ ಕಪ್ಪು ಕುಳಿ 160 ಕೋಟಿ ಸೂರ್ಯರಷ್ಟು ತೂಗುತ್ತಿತ್ತು. ಅಷ್ಟು ಬೇಗ ಹೇಗೆ ಬೆಳೀತು ಸರ್ ಅಂತ ಒಬ್ಬ ಹುಡುಗಿ ಕೇಳಿದಳು. ವಿಜ್ಞಾನಿಗಳು ತಲೆ ಕೆಡಿಸಿಕೊಂಡಿರುವ ಪ್ರಶ್ನೆಯೇ ಅದು. ಸರ್ ಬಾಯಿ ತೆರೆಯುವಷ್ಟರಲ್ಲಿ ಕಾವಲುಗಾರ ಬಂದು, ಪರ್ಮಿಷನ್ ಇಲ್ಲ, ಏಳಿ ಎಂದ!

ಅದೇ ಸಾಹೇಬರ ಸನ್ಮಾನವಾಗಿದ್ದರೆ ಕೀಲಿ ಬೆಳಿಗ್ಗೆಯೇ ತೆಗೆಯುತ್ತಿತ್ತು, ಶಾಮಿಯಾನಾ, ಕೂಲರ್ ಎಲ್ಲಾ ಬರುತ್ತಿತ್ತು. ಯಾವ ಕೆಲಸಕ್ಕೆ ಹೋದರೂ ಇದೇ ಗೋಳು. ನಮ್ಮ ಓಣಿಯ ಬೀದಿ ದೀಪ ಹಗಲೆಲ್ಲಾ ಉರಿಯುತ್ತದೆ, ಅರ್ಜಿ ಕೊಟ್ಟು ಸಾಕಾಯಿತು. ಹೈಮಾಸ್ಟ್ ದೀಪದ ಝಳಕ್ಕೆ ರಾತ್ರಿ ಆಕಾಶದಲ್ಲಿ ನಕ್ಷತ್ರವೇ ಕಾಣಲ್ಲ. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ 371ಜೆ ವಿಧಿ ಬಂದು ಇಷ್ಟು ವರ್ಷವಾಯಿತು, ನಮ್ಮ ಮಕ್ಕಳಿಗೆ ಕೂತು ವಿಜ್ಞಾನ ಕೇಳಲು ಒಂದು ಕೋಣೆ ಕೊಡಲು ಆಗಲ್ವಾ?

ಉಪನ್ಯಾಸ ಮತ್ತೆ ಇಡಿಸಬೇಕು. ತಾಲ್ಲೂಕಿಗೊಂದು ದೂರದರ್ಶಕವನ್ನೂ ಕೊಡಬೇಕು. ಕೀಲಿ ಹಾಕಿದವರು ಆ ಹುಡುಗಿಯ ಮುಂದೆ ನಿಂತು ಕ್ಷಮೆ ಕೇಳಬೇಕು. ಇಲ್ಲವೇ ಮೇಲಿನವರಾದರೂ ವಿಚಾರಿಸಬೇಕು. ಸಂಬಳ ತಗೊಳ್ಳಲ್ವಾ ಇವರೆಲ್ಲಾ? ಏನಾದರೂ ಮಾಡಿ, ಕೈಕಟ್ಟಿ ಕೂರಬೇಡಿ.

– ನೊಂದ ಪಾಲಕ, ಕಲಬುರಗಿ