ಹಾಡಿದವರ ಜೊತೆ ಬರೆದವರ ಹೆಸರೂ ಬರಲಿ: ಟಾಮ್ ಟಿ. ಹಾಲ್ ಬಗ್ಗೆ ಒಂದು ಪತ್ರ

ಮಾನ್ಯ ಸಂಪಾದಕರಿಗೆ ವಂದನೆಗಳು.

ತಮ್ಮ ಭಾನುವಾರದ ಪುರವಣಿಯಲ್ಲಿ ಅಮೆರಿಕದ ಹಳ್ಳಿಗಾಡಿನಲ್ಲಿ ಬೆಳೆದ ಕಂಟ್ರಿ ಸಂಗೀತವನ್ನು ಕುರಿತು ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಕನ್ನಡದಲ್ಲಿ ಈ ಸಂಗೀತದ ಬಗ್ಗೆ ಬರೆಯುವವರೇ ವಿರಳವಾದ್ದರಿಂದ ಲೇಖಕರಿಗೂ ತಮಗೂ ಕೃತಜ್ಞನಾಗಿದ್ದೇನೆ. ಆದರೆ ಲೇಖನವು ‘ಹಾರ್ಪರ್ ವ್ಯಾಲಿ ಪಿ.ಟಿ.ಎ.’ ಹಾಡನ್ನು ಜೀನಿ ಸಿ. ರೈಲಿ ಅವರದೆಂದು ಹೇಳಿ ಅಲ್ಲಿಗೇ ನಿಲ್ಲುತ್ತದೆ. ಹಾಡಿದವರು ಅವರೇ, ಸಂದೇಹವಿಲ್ಲ. ಬರೆದವರು ಟಾಮ್ ಟಿ. ಹಾಲ್. ಅವರ ಹೆಸರು ಇಡೀ ಲೇಖನದಲ್ಲಿ ಎಲ್ಲಿಯೂ ಇಲ್ಲ. ಬೇಂದ್ರೆಯವರ ಗೀತೆಯನ್ನು ಯಾರೇ ಹಾಡಲಿ, ಅದನ್ನು ಬೇಂದ್ರೆಯವರ ಗೀತೆಯೆಂದೇ ಕರೆಯುವ ಓದುಗರು ನಾವು. ಅಂಥವರಿಗೆ ಈ ಬರಹಗಾರರ ಪರಿಚಯ ಆಗಲೇಬೇಕೆಂಬ ಕಾಳಜಿಯಿಂದ, ಪತ್ರ ಸ್ವಲ್ಪ ದೀರ್ಘವಾದರೂ, ಇದನ್ನು ಬರೆಯುತ್ತಿದ್ದೇನೆ.

ಹಾಲ್ ಹುಟ್ಟಿದ್ದು 1936ರ ಮೇ 25ರಂದು, ಕೆಂಟಕಿ ರಾಜ್ಯದ ಆಲಿವ್ ಹಿಲ್ ಎಂಬ ಸಣ್ಣ ಊರಿನಲ್ಲಿ. ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡರು. ತಂದೆ ಬೇಟೆಯ ವೇಳೆ ಗುಂಡೇಟು ತಗುಲಿ ದುಡಿಯಲಾರದಂತಾದಾಗ ಹುಡುಗ ಶಾಲೆ ಬಿಟ್ಟು ಬಟ್ಟೆ ಹೊಲಿಯುವ ಕಾರ್ಖಾನೆಗೆ ಸೇರಿದರು. ಆಮೇಲೆ ಊರ ಹತ್ತಿರದ ರೇಡಿಯೊ ಕೇಂದ್ರದಲ್ಲಿ ಉದ್ಘೋಷಕನ ಕೆಲಸ, ಸೇನೆಯ ಸೈನಿಕನಾಗಿ ಜರ್ಮನಿಯಲ್ಲಿ ಕೆಲವು ವರ್ಷ, ಹಿಂತಿರುಗಿದ ಮೇಲೆ ವರ್ಜೀನಿಯಾದ ರೋನೋಕ್ ಕಾಲೇಜಿನಲ್ಲಿ ಓದು. 1963ರಲ್ಲಿ ಜಿಮ್ಮಿ ಸಿ. ನ್ಯೂಮನ್ ಎಂಬ ಗಾಯಕ, ಹಾಲ್ ಬರೆದ ಒಂದು ಹಾಡನ್ನು ಹಾಡಿ ಗೆದ್ದರು. ಮರುವರ್ಷದ ಆರಂಭದಲ್ಲೇ ಹಾಲ್ ಗಿಟಾರ್ ಹಿಡಿದು ಕಂಟ್ರಿ ಸಂಗೀತದ ಕೇಂದ್ರವಾದ ನ್ಯಾಶ್‌ವಿಲ್ ಸೇರಿದರು. ಅಲ್ಲಿ ಸಿಕ್ಕಿದ್ದು ಒಂದು ಗೀತ ಪ್ರಕಾಶನ ಸಂಸ್ಥೆಯಲ್ಲಿ ವಾರಕ್ಕೆ 50 ಡಾಲರಿನ ನೌಕರಿ. ಆ ಊರಿನ ಪದ್ಧತಿಯೇ ಹಾಗೆ: ಬರಹಗಾರರು ಸಂಬಳಕ್ಕೆ ಕುಳಿತು ದಿನವೂ ಹಾಡು ಬರೆಯುತ್ತಾರೆ, ಸಂಸ್ಥೆಯವರು ಮಾದರಿ ಧ್ವನಿಮುದ್ರಣ ಮಾಡಿಸಿ ಗಾಯಕರ ಬಳಿಗೆ ಒಯ್ಯುತ್ತಾರೆ, ಹಾಡು ಗೆದ್ದರೆ ಜನರ ಬಾಯಲ್ಲಿ ಉಳಿಯುವುದು ಗಾಯಕರ ಹೆಸರು. ತಮ್ಮ ಲೇಖನದಲ್ಲಿ ಆಗಿರುವುದೂ ಇದೇ.

‘ಹಾರ್ಪರ್ ವ್ಯಾಲಿ ಪಿ.ಟಿ.ಎ.’ 1968ರಲ್ಲಿ ಬಂತು. ಆಗ ರೈಲಿ ನ್ಯಾಶ್‌ವಿಲ್‌ನಲ್ಲಿ ಕಾರ್ಯದರ್ಶಿಯ ಕೆಲಸ ಮಾಡುತ್ತಿದ್ದ ಅಪರಿಚಿತ ಯುವತಿ. ಈ ಒಂದು ಹಾಡಿನಿಂದ ಪಾಪ್ ಮತ್ತು ಕಂಟ್ರಿ ಎರಡೂ ಜನಪ್ರಿಯತೆಯ ಪಟ್ಟಿಗಳ ಮೊದಲ ಸ್ಥಾನಕ್ಕೇರಿದ ಮೊದಲ ಗಾಯಕಿಯಾದರು. ಕತೆ ಸರಳವಾಗಿದೆ. ಗಂಡನನ್ನು ಕಳೆದುಕೊಂಡ ತಾಯಿಯೊಬ್ಬಳ ಉಡುಗೆ ಗಿಡ್ಡವಾಯಿತು, ನಡತೆ ಸರಿಯಿಲ್ಲ ಎಂದು ಶಾಲೆಯ ಪೋಷಕ-ಶಿಕ್ಷಕರ ಸಂಘದವರು (ಪಿ.ಟಿ.ಎ.) ಮಗಳ ಕೈಯಲ್ಲಿ ಚೀಟಿ ಕಳಿಸುತ್ತಾರೆ. ಆಕೆ ಅದೇ ಗಿಡ್ಡ ಉಡುಗೆಯಲ್ಲಿ ಸಂಘದ ಸಭೆಗೆ ನಡೆದುಹೋಗಿ, ಅಲ್ಲಿದ್ದ ದೊಡ್ಡ ಮನುಷ್ಯರ ಗುಟ್ಟುಗಳನ್ನು ಒಬ್ಬೊಬ್ಬರ ಹೆಸರು ಹಿಡಿದು ಹೇಳುತ್ತಾಳೆ. ತನ್ನ ಬಾಲ್ಯದ ಊರಿನಲ್ಲಿ ನಡೆದದ್ದನ್ನೇ ಆಧರಿಸಿ ಇದನ್ನು ಬರೆದುದಾಗಿ ಹಾಲ್ ಹೇಳಿದ್ದರು. ಹೆಸರಿಗೆ ಪ್ರೇರಣೆಯಾದದ್ದು ನ್ಯಾಶ್‌ವಿಲ್ ಬಳಿಯ ಹಾರ್ಪೆತ್ ವ್ಯಾಲಿ ಎಂಬ ಶಾಲೆ. ಹಾಡಿನ ಗುಣ ಇರುವುದು ಅದರ ಸಿಟ್ಟಿನಲ್ಲಷ್ಟೇ ಅಲ್ಲ. ಈ ಕತೆ ಹೇಳುತ್ತಿರುವುದು ಯಾರು ಎಂಬುದನ್ನು ಹಾಲ್ ಕೊನೆಯವರೆಗೂ ಬಿಟ್ಟುಕೊಡುವುದಿಲ್ಲ. ಚೀಟಿ ತಂದುಕೊಟ್ಟ ಆ ಮಗಳೇ ಬೆಳೆದು ಹಾಡುತ್ತಿದ್ದಾಳೆ ಎಂಬುದು ಕಡೆಯ ಸಾಲಿನಲ್ಲಿ ತಿಳಿದಾಗ ಅಲ್ಲಿಯವರೆಗೆ ಕೇಳಿದ್ದೆಲ್ಲಕ್ಕೂ ಬೇರೆಯದೇ ಅರ್ಥ ಬರುತ್ತದೆ. ಗಾಯಕಿಯನ್ನು ಎಷ್ಟು ಹೊಗಳಿದರೂ ಈ ಕಟ್ಟಡ ಬರಹಗಾರರದು.

ಆದರೆ ಹಾಲ್ ಅವರನ್ನು ಆ ಒಂದು ಹಾಡಿನಿಂದ ಅಳೆದರೆ ಅನ್ಯಾಯವಾಗುತ್ತದೆ. ಪತ್ರಿಕೆಯೊಂದಕ್ಕೆ ಬರೆಯುತ್ತಿರುವುದರಿಂದ ಒಂದು ಮಾತನ್ನು ಒತ್ತಿ ಹೇಳಬಯಸುತ್ತೇನೆ: ಹಾಡು ಬರೆದವರಲ್ಲಿ ಇವರಷ್ಟು ವರದಿಗಾರರ ಮನಸ್ಸುಳ್ಳ ಇನ್ನೊಬ್ಬರನ್ನು ನಾನು ಕೇಳಿಲ್ಲ. ಅವರ ಹಾಡುಗಳಲ್ಲಿ ಊರಿನ ಹೆಸರು, ತಾರೀಖು, ಬಾಕಿ ಇರುವ ಸಾಲದ ಮೊತ್ತ, ಜೈಲಿನಲ್ಲಿ ಕೊಟ್ಟ ಊಟ ಎಲ್ಲವೂ ಇರುತ್ತವೆ. ವಿಶೇಷಣಗಳು ಇರುವುದಿಲ್ಲ ಎಂದರೂ ನಡೆಯುತ್ತದೆ. ಅವರ ಒಂದು ಹಾಡಿನ ಶೀರ್ಷಿಕೆಯೇ ‘ಕೆಂಟಕಿ, ಫೆಬ್ರವರಿ 27, 71’ ಎಂದಿದೆ. ವರದಿಯ ತಲೆಯಲ್ಲಿ ಊರು, ತಾರೀಖು ಹಾಕುವಂತೆಯೇ ಹಾಕಿದ್ದಾರೆ. ಈ ಹಾಡಿರುವ 1971ರ ‘ಇನ್ ಸರ್ಚ್ ಆಫ್ ಎ ಸಾಂಗ್’ ಎಂಬ ಆಲ್ಬಮ್ ಹುಟ್ಟಿದ್ದು ಕೆಂಟಕಿಯ ಒಳರಸ್ತೆಗಳಲ್ಲಿ ಕಾರು ಓಡಿಸಿಕೊಂಡು ಹೋಗಿ, ಸಿಕ್ಕವರೊಡನೆ ಮಾತನಾಡಿ, ಕಂಡದ್ದನ್ನು ಬರೆದುಕೊಂಡದ್ದರಿಂದ.

ಅದೇ ಆಲ್ಬಮ್‌ನ ‘ಟ್ರಿಪ್ ಟು ಹೈಡನ್’ ಬಗ್ಗೆ ಸ್ವಲ್ಪ ವಿವರವಾಗಿ ಹೇಳಲು ಅವಕಾಶ ಕೊಡಿ. 1970ರ ಡಿಸೆಂಬರ್ 30ರಂದು ಕೆಂಟಕಿಯ ಹೈಡನ್ ಊರಿನ ಬಳಿ ಹರಿಕೇನ್ ಕ್ರೀಕ್ ಕಲ್ಲಿದ್ದಲ ಗಣಿಯಲ್ಲಿ ಸ್ಫೋಟವಾಗಿ 38 ಕಾರ್ಮಿಕರು ಸತ್ತರು. ಗಣಿ ಸುರಕ್ಷತೆಗೆಂದು ತಂದ ಹೊಸ ಕಾನೂನಿಗೆ ಅಮೆರಿಕದ ಅಧ್ಯಕ್ಷರ ಸಹಿ ಬಿದ್ದು ಅಂದಿಗೆ ಸರಿಯಾಗಿ ಒಂದು ವರ್ಷವಾಗಿತ್ತು. ಇಂಥ ದುರಂತದ ಮೇಲೆ ಕಣ್ಣೀರಿನ ಹಾಡು ಬರೆಯುವುದು ಯಾರಿಗೂ ಸುಲಭ. ಹಾಲ್ ಅಲ್ಲಿಗೆ ಹೋದರು. ಹಾಡಿನಲ್ಲಿ ಸ್ಫೋಟದ ವಿಸ್ತಾರವಾದ ವರ್ಣನೆ ಇಲ್ಲ, ಸತ್ತವರ ಗುಣಗಾನ ಇಲ್ಲ. ದಾರಿ ಹೇಗಿತ್ತು, ಊರವರು ಏನು ಮಾತನಾಡಿಕೊಳ್ಳುತ್ತಿದ್ದರು, ಗಣಿಯ ಬಾಯಿ ನೋಡಲು ಹೇಗಿತ್ತು ಎಂಬುದನ್ನಷ್ಟೇ ಹೇಳುತ್ತ ಹೋಗುತ್ತಾರೆ. ಕಡೆಗೆ ಹೆಂಗಸೊಬ್ಬಳು, ಆ ಗಂಡಸರು ಬದುಕಿದ್ದಾಗಿನದಕ್ಕಿಂತ ಸತ್ತ ಮೇಲೆ ಹೆಚ್ಚು ಬೆಲೆ ಬಾಳುತ್ತಾರೆ ಎನ್ನುತ್ತಾಳೆ. ಪರಿಹಾರದ ಹಣದ ಬಗ್ಗೆ ಆಕೆ ಆಡಿದ ಮಾತು ಅದು. ಆಕೆ ಹೇಳಬೇಕಾದ್ದನ್ನು ಹೇಳಿದಳು, ಇನ್ನು ಬಿಡುತ್ತೇನೆ ಎಂಬ ಅರ್ಥದಲ್ಲಿ ಹಾಲ್ ಹಾಡನ್ನು ಮುಗಿಸುತ್ತಾರೆ. ತಾನು ಕೇಳಿಸಿಕೊಂಡದ್ದರ ಮೇಲೆ ತನ್ನ ಅಭಿಪ್ರಾಯವನ್ನು ಹೇರದೆ ಬಿಡುವ ಈ ಸಂಯಮ ಎಲ್ಲ ಬರಹಗಾರರಿಗೂ ದಕ್ಕುವಂಥದ್ದಲ್ಲ. ದುರಂತದ ಸ್ಥಳಕ್ಕೆ ಹೋಗಿ ಬರುವ ತಮ್ಮ ಯುವ ವರದಿಗಾರರು ಈ ಹಾಡನ್ನು ಒಮ್ಮೆ ಕೇಳಬೇಕೆಂದು ನನ್ನ ಪ್ರಾಮಾಣಿಕ ಆಸೆ.

‘ಹೋಮ್‌ಕಮಿಂಗ್’ ಕೂಡ ಇದೇ ಎತ್ತರದ್ದು. ಊರೂರು ಸುತ್ತಿ ಹಾಡುವ ಮಗನೊಬ್ಬ ಬಹಳ ಕಾಲದ ಮೇಲೆ ಅಪ್ಪನ ಮನೆಗೆ ಬಂದು ಸ್ವಲ್ಪ ಹೊತ್ತು ಕುಳಿತು ಹೋಗುವುದು ಅದರ ವಸ್ತು. ಅಮ್ಮನ ಅಂತ್ಯಕ್ರಿಯೆಗೆ ಬರಲಾಗಲಿಲ್ಲ ಎನ್ನುತ್ತಾನೆ, ಜೊತೆಗೆ ಬಂದ ಹುಡುಗಿ ಹೊರಗೆ ಕಾರಿನಲ್ಲಿಯೇ ಇದ್ದಾಳೆ ಎನ್ನುತ್ತಾನೆ, ಇನ್ನು ಹೊರಡಬೇಕು ಎನ್ನುತ್ತಾನೆ. ಅಪ್ಪ ಕೇಳುವ ಒಂದು ಪ್ರಶ್ನೆಯೂ ನಮ್ಮ ಕಿವಿಗೆ ಬೀಳುವುದಿಲ್ಲ. ಮಗನ ಉತ್ತರಗಳಿಂದಲೇ ಅಪ್ಪನ ಪ್ರಶ್ನೆಗಳನ್ನೂ, ಅವನು ನುಂಗಿಕೊಂಡ ನೋವನ್ನೂ ನಾವು ಊಹಿಸಿಕೊಳ್ಳಬೇಕು. ಇಷ್ಟನ್ನು ಕೆಲವೇ ನಿಮಿಷಗಳ ಹಾಡಿನಲ್ಲಿ, ರೇಡಿಯೊದಲ್ಲಿ ಸಾಮಾನ್ಯ ಜನ ಕೇಳುವ ಹಾಡಿನಲ್ಲಿ, ಮಾಡಿದವರು ಹಾಲ್.

ಅವರ ಬರವಣಿಗೆ ಎಂದೂ ಒಂದೇ ಬಣ್ಣದ್ದಾಗಿರಲಿಲ್ಲ. 1965ರಲ್ಲಿ ಜಾನಿ ರೈಟ್ ಹಾಡಿ ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೆ ಒಯ್ದ ‘ಹಲೋ ವಿಯೆಟ್ನಾಂ’ ಯುದ್ಧಕ್ಕೆ ಹೊರಟ ಸೈನಿಕನ ಕರ್ತವ್ಯವನ್ನು ಎತ್ತಿಹಿಡಿಯುವ ಹಾಡು. ಅದನ್ನು ಬರೆದವರೂ ಇವರೇ. ಕೆಲವು ವರ್ಷಗಳ ನಂತರ ಇದೇ ಕೈ ಬರೆದ ‘ಮಾಮಾ ಬೇಕ್ ಎ ಪೈ’ ಹಾಡಿನಲ್ಲಿ ಕಾಲಿನ ಬಲ ಕಳೆದುಕೊಂಡು ಗಾಲಿಕುರ್ಚಿಯಲ್ಲಿ ಮನೆಗೆ ಮರಳುವ ಸೈನಿಕನಿದ್ದಾನೆ. ಇನ್ನು ಮೇಲೆ ಷೂ ಕೊಳ್ಳುವ ಖರ್ಚು ಉಳಿಯುತ್ತದೆ ಎಂದುಕೊಳ್ಳುತ್ತಾನೆ. ಎರಡೂ ಹಾಡುಗಳನ್ನು ಒಟ್ಟಿಗೆ ಕೇಳಿದರೆ ಆ ದೇಶದ ಹಳ್ಳಿಗಳ ಮನಸ್ಸು ಆ ಕೆಲವು ವರ್ಷಗಳಲ್ಲಿ ಎಲ್ಲಿಂದ ಎಲ್ಲಿಗೆ ಬಂತೆಂಬುದು ಗೊತ್ತಾಗುತ್ತದೆ. ಹೀಗೆ ಎದುರುಬದುರು ನಿಲ್ಲುವ ಹಾಡುಗಳನ್ನು ಬರೆದವರೆಂದು ಅವರನ್ನು ಚಂಚಲಚಿತ್ತರೆನ್ನುವುದನ್ನು ನಾನು ಒಪ್ಪಲಾರೆ. ಅವರು ಆಯಾ ಕಾಲಕ್ಕೆ ಕೇಳಿಸಿಕೊಂಡದ್ದನ್ನು ಬರೆದರು.

ಹಾಡುಗಾರರಾಗಿಯೂ ಹಾಲ್ ಸೋತವರೇನಲ್ಲ. ಮರ್ಕ್ಯುರಿ ಎಂಬ ಧ್ವನಿಮುದ್ರಣ ಕಂಪನಿಗಾಗಿ ತಾವೇ ಹಾಡಲು ಆರಂಭಿಸಿದ ಮೇಲೆ ಅವರ ಏಳು ಹಾಡುಗಳು ಕಂಟ್ರಿ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದವು. ದನಿ ಸಾದಾ, ಬಹುತೇಕ ಮಾತಿನ ಧಾಟಿ; ಕತೆ ಹೇಳಲು ಅದು ಚೆನ್ನಾಗಿ ಒದಗಿತು. ಬಾಲ್ಯದಲ್ಲಿ ತಾವು ಆರಾಧಿಸಿದ ಊರಿನ ಗಿಟಾರ್ ವಾದಕನನ್ನು, ಹೆಸರು ಬದಲಿಸಿ, ನೆನೆಯುವ ‘ದ ಇಯರ್ ಕ್ಲೇಟನ್ ಡೆಲೇನಿ ಡೈಡ್’ ಮತ್ತು 1972ರಲ್ಲಿ ಮಯಾಮಿ ಬೀಚ್‌ನ ಹೋಟೆಲೊಂದರಲ್ಲಿ ಕಸ ಗುಡಿಸುತ್ತಿದ್ದ ವೃದ್ಧನೊಡನೆ ಆಡಿದ ಮಾತಿನಿಂದ ಹುಟ್ಟಿದ ‘ಓಲ್ಡ್ ಡಾಗ್ಸ್, ಚಿಲ್ಡ್ರನ್ ಆ್ಯಂಡ್ ವಾಟರ್‌ಮೆಲನ್ ವೈನ್’ ಈ ಏಳರಲ್ಲಿ ಸೇರಿವೆ. ಡೆಮಾಕ್ರಟಿಕ್ ಪಕ್ಷದ ರಾಷ್ಟ್ರೀಯ ಸಮಾವೇಶ ನಡೆಯುತ್ತಿದ್ದ ಊರಿನಲ್ಲಿ, ನಾಯಕರನ್ನೆಲ್ಲ ಬಿಟ್ಟು ಹೋಟೆಲಿನ ಜಾಡಮಾಲಿಯ ಮಾತನ್ನು ಹಾಡು ಮಾಡಿಕೊಂಡು ಬಂದದ್ದರಲ್ಲೇ ಈ ಮನುಷ್ಯನ ದೃಷ್ಟಿ ಕಾಣುತ್ತದೆ.

ಈಗ ಸಂಕಲನಗಳ ವಿಷಯ. ಅವರ ಹಾಡುಗಳನ್ನು ಹುಡುಕುವವರಿಗೆ ಮೊದಲು ಸಿಗುವುದು ‘ಜನಪ್ರಿಯ ಗೀತೆಗಳು’ ಎಂಬ ಬಗೆಯ ಸಣ್ಣ ಸಂಗ್ರಹಗಳು. ಅವುಗಳಲ್ಲಿ ‘ಐ ಲವ್’ ತಪ್ಪದೆ ಇರುತ್ತದೆ. ತಮಗೆ ಇಷ್ಟವಾದ ಸಣ್ಣಪುಟ್ಟ ವಸ್ತುಗಳನ್ನು ಹಾಲ್ ಒಂದೊಂದಾಗಿ ಹೆಸರಿಸುತ್ತ ಹೋಗುವ ಆ ಹಾಡು ಅವರ ಅತಿ ದೊಡ್ಡ ಗೆಲುವುಗಳಲ್ಲೊಂದು, ಆದರೆ ನನ್ನ ಮಟ್ಟಿಗೆ ಅವರ ತೆಳುವಾದ ಬರಹಗಳಲ್ಲಿ ಒಂದು. ಅದರಿಂದ ಆರಂಭಿಸಿದವರು ಇವರನ್ನು ಮುದ್ದುಮಾತಿನ ಕವಿಯೆಂದು ತಿಳಿದು ಮುಂದೆ ಹೋಗಿಬಿಡುವ ಅಪಾಯವಿದೆ. 1995ರಲ್ಲಿ ಮರ್ಕ್ಯುರಿ ಹೊರತಂದ ಎರಡು ಡಿಸ್ಕ್‌ಗಳ ‘ಸ್ಟೋರಿಟೆಲ್ಲರ್, ಪೊಯೆಟ್, ಫಿಲಾಸಫರ್’ ಇದಕ್ಕಿಂತ ಎಷ್ಟೋ ಮೇಲು. ಆದರೂ ಇವರ ಬರಹದ ಒಂದು ದೊಡ್ಡ ಭಾಗ ಬೇರೆಯವರ ಆಲ್ಬಮ್‌ಗಳಲ್ಲಿ ಹರಡಿಕೊಂಡಿರುವುದರಿಂದ, ಅವರೇ ಹಾಡಿದ್ದನ್ನು ಮಾತ್ರ ಒಟ್ಟುಮಾಡಿದ ಯಾವ ಸಂಗ್ರಹವೂ ಪೂರ್ಣವಾಗಲಾರದು. ರೈಲಿ, ಜಾನಿ ರೈಟ್, ‘ಮಾರ್ಜೀಸ್ ಅಟ್ ದ ಲಿಂಕನ್ ಪಾರ್ಕ್ ಇನ್’ ಹಾಡಿದ ಬಾಬಿ ಬೇರ್, 1996ರಲ್ಲಿ ‘ಲಿಟಲ್ ಬಿಟ್ಟಿ’ ಹಾಡಿ ಮೊದಲ ಸ್ಥಾನಕ್ಕೇರಿದ ಅಲನ್ ಜಾಕ್ಸನ್ ಇವರೆಲ್ಲರ ದನಿಗಳನ್ನೂ ಕೂಡಿಸಿಕೊಂಡಾಗಲೇ ಈ ಬರಹಗಾರರ ಸಮಗ್ರ ರೂಪ ಕಾಣುತ್ತದೆ.

ಸಾಧಕರ ಗೌರವ ಪಟ್ಟಿಗಳಾದ ‘ಹಾಲ್ ಆಫ್ ಫೇಮ್’ಗಳ ಮನ್ನಣೆ ತಡವಾಗಿಯಾದರೂ ಬಂತು: 2008ರಲ್ಲಿ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್, 2019ರಲ್ಲಿ ಸಾಂಗ್‌ರೈಟರ್ಸ್ ಹಾಲ್ ಆಫ್ ಫೇಮ್. ಇವೆರಡರ ನಡುವೆ 2018ರಲ್ಲಿ ಬಂದ, ಕಂಟ್ರಿಯ ಒಂದು ಕವಲಾದ ಬ್ಲೂಗ್ರಾಸ್ ಸಂಗೀತದ ಗೌರವ ಪತ್ನಿ ಡಿಕ್ಸಿ ಹಾಲ್ ಅವರಿಗೂ ಸೇರಿ ಬಂದದ್ದು. ದಂಪತಿ ಫ್ರಾಂಕ್ಲಿನ್ ಊರಿನ ತಮ್ಮ ಫಾಕ್ಸ್ ಹಾಲೋ ತೋಟದ ಮನೆಯಲ್ಲಿ ಕೂತು ಆ ಸಂಗೀತಕ್ಕೆ ಹೇರಳವಾಗಿ ಹಾಡುಗಳನ್ನು ಬರೆದುಕೊಟ್ಟಿದ್ದರು. ಡಿಕ್ಸಿ 2015ರ ಜನವರಿಯಲ್ಲಿ ತೀರಿಕೊಂಡಿದ್ದರಿಂದ ಆ ಗೌರವವನ್ನು ಕಾಣಲಿಲ್ಲ. ಹಾಲ್ 2021ರ ಆಗಸ್ಟ್ 20ರಂದು ತಮ್ಮ 85ನೆಯ ವಯಸ್ಸಿನಲ್ಲಿ ನಿಧನರಾದರು.

ತಮ್ಮಲ್ಲಿ ನನ್ನ ವಿನಂತಿ ಎರಡು. ವಿದೇಶಿ ಹಾಡುಗಳ ಬಗ್ಗೆ ಬರೆಸುವಾಗ, ಹಾಡಿದವರ ಜೊತೆಗೆ ಬರೆದವರ ಹೆಸರನ್ನೂ ಕೊಡುವುದನ್ನು ಪುರವಣಿಯ ನಿಯಮವನ್ನಾಗಿ ಮಾಡಿಕೊಳ್ಳಬೇಕು. ಹಾಡಿನ ಆಲ್ಬಮ್‌ನ ಮೇಲೆಯೇ ಅದು ಅಚ್ಚಾಗಿರುವುದರಿಂದ ಹುಡುಕುವ ಶ್ರಮವೂ ಇಲ್ಲ. ಎರಡನೆಯದಾಗಿ, ಟಾಮ್ ಟಿ. ಹಾಲ್ ಅವರ ಬಗ್ಗೆಯೇ ಒಂದು ಪ್ರತ್ಯೇಕ ಲೇಖನ ಬರಲಿ. ಸಾಧ್ಯವಾದರೆ ಹಕ್ಕುದಾರರ ಅನುಮತಿ ಪಡೆದು ‘ಟ್ರಿಪ್ ಟು ಹೈಡನ್’ ಹಾಡಿನ ಕನ್ನಡ ರೂಪವನ್ನು ಅದರ ಪಕ್ಕದಲ್ಲಿ ಪ್ರಕಟಿಸಿ. ಬರೆಯಲು ಒಪ್ಪಿಕೊಳ್ಳುವವರು ‘ಐ ಲವ್’ ಇರುವ ಸಣ್ಣ ಸಂಗ್ರಹಗಳನ್ನು ಬದಿಗಿಟ್ಟು, 1971ರ ಆ ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ ಕೇಳಿ ಆರಂಭಿಸಲಿ ಎಂದು ಕೇಳಿಕೊಳ್ಳುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಓದುಗ, ಧಾರವಾಡ