ಗುಜರಿಗೆ ಹೋಗ್ಬೇಕಿದ್ದ ಕಂಪ್ಯೂಟರ್ ಬಗ್ಗೆ ಪುಟ್ಟಿಗೆ

ಪುಟ್ಟೀ, ದಾವಣಗೆರೆಯಿಂದ ನಿಮ್ ದೊಡ್ಡಪ್ಪ ಮಾಡೋ ಆಶೀರ್ವಾದ.

ನಿನ್ನೆ ನೀನು ಫೋನ್ ಮಾಡ್ದಾಗ ಬಸ್ಸಲ್ಲಿದ್ದೆ, ಅರ್ಧಂಬರ್ಧ ಕೇಳಿಸ್ತು, ಅದಕ್ಕೆ ಕೂತು ಬರೀತಿದೀನಿ. ನಿಮ್ಮಪ್ಪ ಚಳ್ಳಕೆರೆ ಎಣ್ಣೆ ಮಿಲ್ಲಿನ ಆಫೀಸಿಂದ ಗುಜರಿಗೆ ಹಾಕೋ ಕಂಪ್ಯೂಟರ್ನ ಕೇಳಿ ದುರ್ಗಕ್ಕೆ ತಂದ್ಕೊಟ್ಟಿದ್ದು ಬಾಳ ಒಳ್ಳೇದಾಯ್ತು. ಫ್ಯಾನ್ ತಿರುಗುತ್ತೆ, ಬೀಪ್ ಬೀಪ್ ಅಂತ ಕೂಗುತ್ತೆ, ಸ್ಕ್ರೀನಲ್ಲಿ ಏನೂ ಬರಲ್ಲ, ಅಂಗಡಿಯವರು ಬೋರ್ಡೇ ಹೋಗೈತೆ ಅಂದ್ರು ಅಂತ ಅಳೋ ದನೀಲಿ ಹೇಳಿದ್ಯಲ್ಲ, ಹಂಗೇನೂ ಇರಲ್ಲ ಕಣವ್ವ. ಬೋರ್ಡು ಪ್ರೊಸೆಸರ್ರು ಪೂರ್ತಿ ಸತ್ತಿದ್ರೆ ಅದಕ್ಕೆ ಕೂಗೋ ಶಕ್ತೀನೇ ಇರ್ತಿರ್ಲಿಲ್ಲ, ಕೂಗ್ತೈತೆ ಅಂದ್ರೆ ಇಂಥಾದ್ದು ಸಿಗ್ತಿಲ್ಲ ಅಂತ ಹೇಳ್ತೈತೆ, ಮುಕ್ಕಾಲು ಪಾಲು ಅದು ಕಂಪ್ಯೂಟರಿನ ನೆನಪಿನ ಕಡ್ಡಿ, ಅಂದ್ರೆ ರ‍್ಯಾಮ್ ಇರುತ್ತೆ. ಒಂದು ರೂಪಾಯೀನೂ ಖರ್ಚು ಮಾಡ್ಬೇಡ ಈಗ್ಲೇ.

ಮೊದ್ಲು ಪ್ಲಗ್ ಕಿತ್ತು, ಪವರ್ ಬಟನ್ನ ಹತ್ತು ಸೆಕೆಂಡ್ ಒತ್ತಿ ಹಿಡಿ, ಒಳಗೆ ಉಳಿದಿರೋ ಕರೆಂಟ್ ಇಳಿದು ಹೋಗ್ಲಿ. ಕ್ಯಾಬಿನೆಟ್ಟಿನ ತಗಡು ಮುಟ್ಟಿ ಆಮೇಲೆ ಒಳಗೆ ಕೈ ಹಾಕು. ಎಸ್‌ಎಂಪಿಎಸ್ ಅಂದ್ರೆ ಕಂಪ್ಯೂಟರಿಗೆ ಕರೆಂಟ್ ಕೊಡೋ ಡಬ್ಬಿ, ಅದನ್ನ ಮಾತ್ರ ಬಿಚ್ಚಲೇಬೇಡ, ಪ್ಲಗ್ ತೆಗೆದ ಮೇಲೂ ಅದರೊಳಗೆ ಹೊಡೆಯೋ ಅಷ್ಟು ಕರೆಂಟ್ ನಿಂತಿರುತ್ತೆ.

ಎಣ್ಣೆ ಮಿಲ್ಲಿನ ಮಿಷಿನ್ ಅಲ್ವಾ, ಫ್ಯಾನಿನ ರೆಕ್ಕೆ ಮೇಲೆ ಕಡ್ಲೆಬೀಜದ ಧೂಳು ಎಣ್ಣೆ ಜೊತೆ ಸೇರಿ ಗೋಂದಿನ ಥರ ಅಂಟ್ಕೊಂಡಿರುತ್ತೆ, ಬರೀ ಊದಿದ್ರೆ ಹೋಗಲ್ಲ, ಹಳೇ ಬಣ್ಣದ ಬ್ರಷ್ ತಗೊಂಡು ಮೆಲ್ಲಗೆ ಉಜ್ಜು. ರ‍್ಯಾಮ್ ಎರಡೂ ಕಡೆ ಕ್ಲಿಪ್ ಬಿಡಿಸಿದ್ರೆ ಮೇಲೆ ಎದ್ದು ಬರುತ್ತೆ, ಅದರ ಕೆಳಗಡೆ ಚಿನ್ನದ ಬಣ್ಣದ ಸಾಲು ಐತಲ್ಲ, ಅಲ್ಲಿ ಕಪ್ಪಗೆ ಕಿಲುಬಿನ ಥರ ಕೂತಿರುತ್ತೆ. ನೀನು ಪೆನ್ಸಿಲ್ ಅಳಿಸೋ ಬಿಳೀ ರಬ್ಬರ್ ತಗೊಂಡು ಒಂದೇ ದಿಕ್ಕಿಗೆ ಉಜ್ಜು, ಹಲ್ಲು ಹಲ್ಲಾಗಿ ಹೊಳೆಯೋವರೆಗೂ, ರಬ್ಬರ್ ಪುಡಿ ಒಂಚೂರೂ ಉಳೀಬಾರ್ದು. ಎರಡು ಕಡ್ಡಿ ಇದ್ರೆ ಒಂದೊಂದೇ ಹಾಕಿ ನೋಡು, ಒಂದು ಸಲಕ್ಕೆ ಒಂದೇ ಬದಲಾವಣೆ, ಏನ್ಮಾಡ್ದೆ ಏನಾಯ್ತು ಅಂತ ನೋಟ್ ಬುಕ್ಕಲ್ಲಿ ಬರ್ಕೋ. ಎರಡು ಮೂರು ಒಟ್ಟಿಗೆ ಮಾಡಿದ್ರೆ ಯಾವುದರಿಂದ ಸರಿಯಾಯ್ತು ಅಂತ ನಿಂಗೇ ಗೊತ್ತಾಗಲ್ಲ.

ಸ್ಕ್ರೀನ್ ಬಂದ ಮೇಲೆ ತಾರೀಖು ಯಾವುದೋ ಹಳೇ ವರ್ಷದ್ದು ತೋರಿಸಿದ್ರೆ ಬೋರ್ಡ್ ಮೇಲಿನ ದುಂಡನೆ ಸೆಲ್ ಹೋಗಿರುತ್ತೆ, ಸಿಆರ್ 2032 ಅಂತ ಕೇಳು, 3 ವೋಲ್ಟಿಂದು, ವಾಚ್ ಅಂಗಡೀಲೂ ಸಿಗುತ್ತೆ. ತಾರೀಖು ತಪ್ಪಿದ್ರೆ ಇಂಟರ್ನೆಟ್ಟಲ್ಲಿ ಎಷ್ಟೋ ಸೈಟು ತೆಗೆಯೋದೇ ಇಲ್ಲ, ಜನ ನೆಟ್ಟೇ ಕೆಟ್ಟೈತೆ ಅನ್ಕೊಂಡು ಒದ್ದಾಡ್ತಾರೆ.

ಈಗ ಮುಖ್ಯವಾದ್ದು ಹೇಳ್ತೀನಿ. ಒಳಗಿರೋ ಹಾರ್ಡ್ ಡಿಸ್ಕ್, ಅಂದ್ರೆ ಫೈಲೆಲ್ಲ ಕೂತಿರೋ ಡಬ್ಬಿ, ಬಳಸಬೇಡ, ಫಾರ್ಮ್ಯಾಟ್ ಹೊಡೆದು ಎಲ್ಲಾ ಅಳಿಸೋದಂತೂ ಬೇಡವೇ ಬೇಡ, ಕೇಬಲ್ ಬಿಚ್ಚಿ ಬಟ್ಟೇಲಿ ಸುತ್ತಿ ಬೀರುವಿನಲ್ಲಿಡು. ನಾನು ರಿಪೇರಿ ಕಲಿಯೋ ಕಾಲದಲ್ಲಿ ಪಕ್ಕದ ಬೀದಿಯವರೊಬ್ರು ಹಳೇ ಕಂಪ್ಯೂಟರ್ ಕೊಟ್ಟು ನೀನೇ ಇಟ್ಕೋ ಅಂದಿದ್ರು, ಖುಷೀಲಿ ಅವತ್ತೇ ರಾತ್ರಿ ಫಾರ್ಮ್ಯಾಟ್ ಹೊಡೆದೆ. ತಿಂಗಳಾದ ಮೇಲೆ ಅವರ ಹೆಂಡ್ತಿ ಬಂದು, ತೀರ್ಕೊಂಡ ಮಗನ ಫೋಟೊ ಅದರಲ್ಲಿತ್ತು ಕೊಡ್ತೀರಾ ಅಂತ ಕೇಳಿದ್ರು. ನಂಗೆ ಮಾತೇ ಬರ್ಲಿಲ್ಲ. ಆಯಮ್ಮ ಏನೂ ಬೈಲಿಲ್ಲ, ಸುಮ್ನೆ ಎದ್ದು ಹೋದ್ರು, ಇವತ್ತಿಗೂ ಆ ಬೀದೀಲಿ ಹೋಗುವಾಗ ತಲೆ ತಗ್ಗಿಸ್ಕೊಂಡೇ ಹೋಗ್ತೀನಿ. ಅದಕ್ಕೆ ನಿಮ್ಮಪ್ಪನ ಕೈಲಿ ಮಿಲ್ಲಿನವರಿಗೆ ಕೇಳಿಸು, ಲೆಕ್ಕಪತ್ರ ಫೋಟೊ ಏನಾದ್ರೂ ಬೇಕಾ ಅಂತ. ಬೇಕು ಅಂದ್ರೆ ಡಿಸ್ಕನ್ನೇ ವಾಪಸ್ ಕೊಡು. ಬೇಡ ಅಂದ್ರೂ ಅದರಲ್ಲಿ ಏನೈತೆ ಅಂತ ತೆಗೆದು ನೋಡೋಕೆ ಹೋಗ್ಬೇಡ, ನಾನೇ ಬಂದು ಪೂರ್ತಿ ಅಳಿಸಿ ಕೊಡ್ತೀನಿ.

ಡಿಸ್ಕ್ ಇಲ್ದೆ ಹೆಂಗೆ ಅಂತೀಯ, ನಡೆಯುತ್ತೆ. ಲಿನಕ್ಸ್ ಮಿಂಟ್ ಎಕ್ಸ್‌ಎಫ್‌ಸಿಇ ಅನ್ನೋ, ವಿಂಡೋಸ್ ಬದಲು ಕಂಪ್ಯೂಟರ್ ನಡೆಸೋ ಸಾಫ್ಟ್‌ವೇರನ್ನ ಪೆನ್‌ಡ್ರೈವಿಗೆ ಹಾಕಿ ಕೊರಿಯರ್ ಮಾಡ್ತೀನಿ, ಅದರಿಂದ್ಲೇ ಕಂಪ್ಯೂಟರ್ ಶುರುವಾಗುತ್ತೆ, ಪ್ರೊಸೆಸರ್ 64 ಬಿಟ್ ಇರ್ಬೇಕು, 2 ಜಿಬಿ ರ‍್ಯಾಮ್ ಇದ್ರೆ ಕುಂಟ್ಕೊಂಡು, 4 ಇದ್ರೆ ಆರಾಮಾಗಿ ಓಡುತ್ತೆ. ವಿಂಡೋಸ್ 7ಕ್ಕೆ 2020ರಲ್ಲೇ ಅಪ್ಡೇಟ್ ನಿಲ್ಲಿಸಿದ್ರು, ಅದನ್ನ ಹಾಕ್ಕೊಂಡು ನೆಟ್ಟಿಗೆ ಹೋಗೋದು ನಂಗೆ ಸುತಾರಾಂ ಇಷ್ಟ ಇಲ್ಲ. ಕನ್ನಡ ಟೈಪಿಂಗಿಗೂ ಯೋಚ್ನೆ ಬೇಡ, ಸ್ಕೂಲಲ್ಲಿ ನುಡಿ ಅನ್ನೋ ಕನ್ನಡ ಸಾಫ್ಟ್‌ವೇರಲ್ಲಿ ಕಲ್ತಿದ್ಯಲ್ಲ ಅದೇ ಕಗಪ ಕೀಲಿಮಣೆ ಇದರಲ್ಲೂ ಐತೆ. ಎಲ್ಲಾ ಸರಿಹೋದ್ರೆ ಹಾರ್ಡ್ ಡಿಸ್ಕ್ ಜಾಗಕ್ಕೆ ಒಂದು ಚಿಕ್ಕ ಎಸ್‌ಎಸ್‌ಡಿ ನಾನೇ ಕೊಡಿಸ್ತೀನಿ, ನಿಮ್ಮಪ್ಪನ ಹತ್ರ ದುಡ್ಡು ಕೇಳ್ಬೇಡ, ಈ ತಿಂಗಳು ಅವನಿಗೆ ಕೈ ಕಟ್ಟೈತೆ.

ರಬ್ಬರ್ ಉಜ್ಜಿ ಹಾಕಿದ ಮೇಲೆ ಮತ್ತೆ ಕೂಗಿದ್ರೆ ಎಷ್ಟು ಸಲ ಕೂಗ್ತು, ಉದ್ದಕ್ಕಾ ಚಿಕ್ಕದಾ ಅಂತ ಎಣಿಸಿ ಬರ್ಕೊಂಡು ಫೋನ್ ಮಾಡು, ರಾತ್ರಿ ಒಂಬತ್ತರ ಮೇಲೆ ಮನೇಲೇ ಇರ್ತೀನಿ.

ಇಂತಿ ನಿನ್ನ ದೊಡ್ಡಪ್ಪ