ಮಳೆ ಹಿಡಿಯುವ ಮುಂಚೆ ಬರೆ ಗೋಡೆಯ ಐವಿ ಕಡಿಯಿರಿ

ಮಾನ್ಯ ಸಂಪಾದಕರೇ,

ಮಡಿಕೇರಿ ಸುತ್ತಮುತ್ತ ಈಗ ಮನೆಗೂ ಹೋಂಸ್ಟೇಗೂ ಐವಿ ಬಳ್ಳಿ ಹಬ್ಬಿಸುವವರು ಜಾಸ್ತಿ ಆಗಿದ್ದಾರೆ. ನೋಡಲು ಚೆಂದ, ಇಲ್ಲ ಅನ್ನುವುದಿಲ್ಲ. ಮನೆ ಹಿಂದಿನ ಬರೆಗೆ, ಅಂದರೆ ಕಡಿದಾದ ಮಣ್ಣಿನ ಇಳಿಜಾರಿಗೆ, ಕಟ್ಟಿಸಿದ ತಡೆಗೋಡೆ ಬೋಳಾಗಿ ಕಾಣುತ್ತದೆ ಅಂತ ಐದು ವರ್ಷದ ಹಿಂದೆ ನಾನೂ ಎರಡು ಗಿಡ ತಂದು ನೆಟ್ಟೆ. ನೆಟ್ಟು ಬಿಟ್ಟರೆ ಸಾಕು, ಬೇರೇನೂ ಮಾಡಬೇಕಾಗಿಲ್ಲ ಅಂದಿದ್ದರು ನರ್ಸರಿಯವರು. ಮೂರನೇ ಮಳೆಗಾಲಕ್ಕೆ ಅದು ಗೋಡೆ ಪೂರ್ತಿ ಮುಚ್ಚಿ, ಪಕ್ಕದ ಸಿಲ್ವರ್ ಮರವನ್ನೂ ಹತ್ತಿತು.

ಕಳೆದ ಏಪ್ರಿಲ್‌ನಲ್ಲಿ ಸ್ವಲ್ಪ ಸವರೋಣ ಅಂತ ಕತ್ತಿ ಹಿಡಿದು ಹೋದೆ. ಎಲೆ ಸರಿಸಿದರೆ ಗೋಡೆಯಲ್ಲಿ ಬಿರುಕು, ಬೆರಳು ತೂರುವಷ್ಟು. ಬರೆಯ ನೀರು ಹೊರಗೆ ಬರಲಿ ಅಂತ ಇಟ್ಟಿದ್ದ ಪೈಪುಗಳಲ್ಲಿ ಮೂರರ ಬಾಯಿಗೆ ಬೇರು, ಒಣಗಿದ ಎಲೆ, ಮಣ್ಣು ಎಲ್ಲ ಸೇರಿ ಬಿರಡೆ ಹಾಕಿದ ಹಾಗೆ ಕೂತಿತ್ತು. ಬಿರುಕು ಬಳ್ಳಿಯಿಂದಲೇ ಬಂತು ಅಂತ ಹೇಳಲಾರೆ, ಆದರೆ ಅದು ಕಣ್ಣಿಗೆ ಬೀಳದ ಹಾಗೆ ಮಾಡಿದ್ದು ಬಳ್ಳಿಯೇ. 2018ರ ಆಗಸ್ಟ್‌ನ ಭೂಕುಸಿತ ನೋಡಿದ ಮೇಲೂ ನಾವು ಬರೆ ಗೋಡೆಯನ್ನು ಹೀಗೆ ಮುಚ್ಚಿಡಬಹುದಾ?

ಕಡಿಯುವವರಿಗೆ ಒಂದು ಮಾತು. ಹಸಿ ಬಳ್ಳಿಯನ್ನು ಸುಮ್ನೆ ಎಳೆಯಬೇಡಿ. ಕಾಳುಮೆಣಸಿನ ಬಳ್ಳಿ ಗೆಣ್ಣಿನಲ್ಲಿ ಮಾತ್ರ ಬೇರು ಬಿಟ್ಟು ಮರ ಹಿಡಿಯುತ್ತದೆ, ಐವಿಗೆ ಗೋಡೆ ಕಡೆಯ ಮೈಯುದ್ದಕ್ಕೂ ಜರಿಹುಳದ ಕಾಲಿನ ಹಾಗೆ ಬೇರು. ನಾನು ಮೊದಲ ದಿನ ಎಳೆದ ಜಾಗದಲ್ಲಿ ಊಟದ ತಟ್ಟೆಯಷ್ಟು ಅಗಲದ ಸಿಮೆಂಟ್ ಚಕ್ಕೆ ಎದ್ದು ಬಂತು. ಬುಡದಲ್ಲಿ ಕಡಿದು, ಒಂದು ಗೇಣು ಕಾಂಡ ತೆಗೆದು ಬಿಡಿ. ಮೇಲಿನದು ಕೆಲವು ವಾರದಲ್ಲಿ ತಾನೇ ಒಣಗುತ್ತದೆ, ಆಮೇಲೆ ಬಿಡಿಸಿ, ಉಳಿದ ಬೇರಿನ ಚೂರುಗಳನ್ನು ಬ್ರಷ್‌ನಲ್ಲಿ ಉಜ್ಜಿ. ಮರಕ್ಕೂ ಇದೇ ಕ್ರಮ, ತೊಗಟೆಗೆ ಕತ್ತಿ ತಾಗಬಾರದು ಅಷ್ಟೇ. ಮಣ್ಣಿನೊಳಗಿನ ಬೇರು ಅಗೆದು ತೆಗೆಯದಿದ್ದರೆ ಮತ್ತೆ ಚಿಗುರುತ್ತದೆ. ಕಳೆನಾಶಕ ನಂಬಬೇಡಿ, ಮೇಣ ಹಚ್ಚಿದಂಥ ಎಲೆ ಮೇಲೆ ಅದು ನಿಲ್ಲುವುದೇ ಕಷ್ಟ. ಕೈಗವಸು ಹಾಕಿಕೊಳ್ಳಿ. ರಸ ತಾಗಿ ನನಗೆ ಮೊಣಕೈವರೆಗೆ ನಾಲ್ಕು ದಿನ ತುರಿಕೆ.

ಇನ್ನೊಂದು, ಕಡಿದದ್ದನ್ನು ತೋಡಿಗೋ ರಸ್ತೆ ಬದಿಗೋ ಎಸೆಯುವವರಿದ್ದಾರೆ. ದಯವಿಟ್ಟು ಬೇಡ. ಹಸಿ ಮಣ್ಣು ಸಿಕ್ಕಿದರೆ ತುಂಡಿನಿಂದಲೇ ಮತ್ತೆ ಬಳ್ಳಿ ಏಳುತ್ತದೆ. ತೋಟದಲ್ಲಿ ಮೈಕೇನಿಯಾ ಅನ್ನುವ ಕಳೆ ಬಳ್ಳಿ ಕಾಫಿ ಗಿಡವನ್ನೇ ಮುಚ್ಚಿ ಹಾಕುವುದನ್ನು ನಾವು ನೋಡುತ್ತಲೇ ಇದ್ದೇವೆ ಅಲ್ವಾ? ಅದೂ ಹೊರದೇಶದ್ದೇ, ಯುರೋಪಿನಿಂದ ಬಂದ ಐವಿಯೂ ಹೊರದೇಶದ್ದೇ. ಕಾಫಿ ಎತ್ತಿದ ಮೇಲೆ ಕಣ ಖಾಲಿ ಇರುತ್ತದೆ, ಅಲ್ಲಿ ಹರಡಿ ಪೂರ್ತಿ ಒಣಗಿಸಿ. ಹಸಿ ಕಸ ಒಯ್ಯುವ ನಗರಸಭೆ, ಪಂಚಾಯಿತಿಯವರು ಏಪ್ರಿಲ್, ಮೇನಲ್ಲಿ ಬಳ್ಳಿ ಕಸವನ್ನೂ ಒಯ್ದರೆ ತುಂಬಾ ಉಪಕಾರ.

ಐವಿಯೇ ಬೇಡ ಅಂತಲ್ಲ. ಮುಂದಿನ ಕಾಂಪೌಂಡಿನಲ್ಲಿ ನಾನೂ ಇಟ್ಟುಕೊಂಡಿದ್ದೇನೆ, ವರ್ಷಕ್ಕೆ ಎರಡು ಸಲ ಸವರುತ್ತೇನೆ. ಬರೆಗೆ ಮಾತ್ರ ಬೇಡ. ಅಲ್ಲಿ ಹಸಿರು ಬೇಕೇ ಬೇಕು ಅನ್ನುವವರು ಗೋಡೆಯ ಮೇಲ್ಭಾಗದ ಮಣ್ಣಿಗೆ ಲಾವಂಚ ನೆಡಿ. ಬೇರು ಆಳಕ್ಕೆ ಇಳಿಯುತ್ತದೆ, ಗೋಡೆಯೂ ಪೈಪಿನ ಬಾಯಿಯೂ ಕಾಣುತ್ತಿರುತ್ತದೆ.

ಇಂತಿ,
ಒಬ್ಬ ಓದುಗ, ಮಡಿಕೇರಿ